ಇಪ್ಪತ್ತೈದಕ್ಕೆ ಎಷ್ಟು? – ಎದೆಯ ಸಿ.ಟಿ. ವರದಿಯ ಆಕರ ವಿಮರ್ಶೆ

2020 ಮತ್ತು 2021ನೆಯ ಇಸವಿಗಳ ಕೋವಿಡ್ ಪಿಡುಗಿನ ಚರಿತ್ರೆಯನ್ನು ಬಳ್ಳಾರಿ ಸೀಮೆಯ ಮಟ್ಟಿಗೆ ಬರೆಯಹೊರಡುವವರಿಗೆ ಒದಗುವ ಆಕರಗಳಲ್ಲಿ ಎದೆಯ ಸಿ.ಟಿ. ವರದಿಯೂ ಒಂದು. ಅದರ ಕೊನೆಯಲ್ಲಿ ‘25ಕ್ಕೆ 8’ ಎಂಬಂತಹ ಅಂಕವೊಂದಿರುತ್ತದೆ. ಆ ದಿನಗಳಲ್ಲಿ ಜನರು ಅದನ್ನು ಪರೀಕ್ಷೆಯ ಫಲಿತಾಂಶದಂತೆ ವಿಚಾರಿಸುತ್ತಿದ್ದರು. ನಾವು ವೈದ್ಯರಲ್ಲ, ಚಿತ್ರವನ್ನು ಓದುವ ಅಧಿಕಾರ ನಮಗಿಲ್ಲ. ಆದರೆ ಚಿತ್ರದಿಂದ ಹುಟ್ಟಿದ ಬರಹವನ್ನು ಆಕರವೆಂದು ಬಳಸುವ ಮುನ್ನ ಅದನ್ನು ಒರೆಗೆ ಹಚ್ಚುವುದು ನಮ್ಮ ಶಾಸ್ತ್ರಕ್ಕೆ ಸೇರಿದ ಕೆಲಸ.

ಈ ಅಂಕ ಹುಟ್ಟುವ ಬಗೆಯನ್ನು ಮೊದಲು ನೋಡಬೇಕು. ಬಲ ಶ್ವಾಸಕೋಶಕ್ಕೆ ಮೂರು ಹಾಲೆಗಳು, ಎಡಕ್ಕೆ ಎರಡು. ಒಂದೊಂದು ಹಾಲೆಯಲ್ಲಿ ರೋಗ ವ್ಯಾಪಿಸಿದ ಭಾಗವನ್ನು ಕಣ್ಣಂದಾಜಿನಿಂದ ಅಳೆದು ಸೊನ್ನೆಯಿಂದ ಐದರವರೆಗೆ ಅಂಕ ಕೊಟ್ಟು ಕೂಡಿಸುತ್ತಾರೆ. ಶೇಕಡಾ 26ರಷ್ಟು ಕೆಟ್ಟ ಹಾಲೆಗೂ 49ರಷ್ಟು ಕೆಟ್ಟ ಹಾಲೆಗೂ ಮೂರೇ ಅಂಕ. ಬಲಗಡೆಯ ಸಣ್ಣ ನಡುಹಾಲೆಗೂ ದೊಡ್ಡ ಕೆಳಹಾಲೆಗೂ ಸಮಾನ ತೂಕ. ಅಂದಾಜನ್ನು ಅಂದಾಜೆಂದು ತಿಳಿದಿದ್ದರೆ ಇದರಲ್ಲಿ ದೋಷವೇನೂ ಇಲ್ಲ. ‘ಕೋ-ರ್‍ಯಾಡ್ಸ್ 5’ ಎಂಬ ಇನ್ನೊಂದು ಸಂಖ್ಯೆಯನ್ನು ಇದರೊಡನೆ ಬೆರೆಸಬಾರದು. 2020ರಲ್ಲಿ ನೆದರ್ಲೆಂಡ್ಸಿನಲ್ಲಿ ರೂಪುಗೊಂಡ ಆ ಮಾಪನವು ಕೋವಿಡ್ ಇರುವ ಸಂಭವವನ್ನು ಹೇಳುತ್ತದೆ, ರೋಗದ ತೀವ್ರತೆಯನ್ನಲ್ಲ.

ನಮ್ಮ ಮುಖ್ಯ ಆಕ್ಷೇಪವಿರುವುದು ಬೇರೆ ಕಡೆ. ಕಾಲ ತಿಳಿಯದ ಶಾಸನದಿಂದ ಕುರುಗೋಡಿನ ಸಿಂದರ ವಂಶಾವಳಿಯನ್ನು ಕಟ್ಟಲು ನಾವು ಹಿಂಜರಿಯುತ್ತೇವೆ. ಸಿ.ಟಿ. ವರದಿಯ ಮೇಲೆ ಚಿತ್ರ ತೆಗೆದ ತೇದಿ ಇರುತ್ತದೆ, ನಿಜ. ಆದರೆ ಬೇಕಾದುದು ಜ್ವರ ಬಂದ ಎಷ್ಟನೆಯ ದಿನ ಚಿತ್ರ ತೆಗೆಯಲಾಯಿತು ಎಂಬುದು. ಚೀನಾದ 121 ರೋಗಿಗಳನ್ನು ಕುರಿತು 2020ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಲಕ್ಷಣ ಕಂಡ ಎರಡು ದಿನಗಳೊಳಗೆ ಚಿತ್ರ ತೆಗೆಸಿಕೊಂಡ 36 ಜನರ ಪೈಕಿ 20 ಜನರ ಶ್ವಾಸಕೋಶ ಸಹಜವಾಗಿಯೇ ಕಂಡಿತ್ತು. ಅದೇ ವರ್ಷದ ಮತ್ತೊಂದು ಅಧ್ಯಯನದಂತೆ ಚಿತ್ರದಲ್ಲಿ ರೋಗ ಶಿಖರಕ್ಕೇರುವುದು ಸುಮಾರು ಹತ್ತನೆಯ ದಿನ.

ಇದನ್ನು ನಮ್ಮ ನೆಲಕ್ಕೆ ಅನ್ವಯಿಸಿ ನೋಡೋಣ. ಬಳ್ಳಾರಿ ನಗರದವನೊಬ್ಬ ಮೂರನೆಯ ದಿನವೇ ಯಂತ್ರದ ಬಳಿಗೆ ಹೋದನೆಂದಿಟ್ಟುಕೊಳ್ಳೋಣ. ಐವತ್ತು ಕಿಲೋಮೀಟರಿಗೂ ಆಚೆಯ ಸಿರುಗುಪ್ಪದಿಂದ, ಅಥವಾ ಕುರುಗೋಡಿನ ಹಳ್ಳಿಯೊಂದರಿಂದ, ಮೊದಲು ಊರಿನಲ್ಲೇ ಮಾತ್ರೆ ನುಂಗಿ, ವಾಹನ ಹೊಂದಿಸಿಕೊಂಡು ಮತ್ತೊಬ್ಬ ಹತ್ತನೆಯ ದಿನ ನಗರಕ್ಕೆ ಬಂದ. ಇಬ್ಬರಿಗೂ ‘8’ ಬಂದಿತು. ಮೊದಲನೆಯವನ ಎಂಟು ಏರುತ್ತಿರಬಹುದು. ಎರಡನೆಯವನ ಎಂಟು ಇಳಿಯಲು ತೊಡಗಿರಬಹುದು. ಇವೆರಡನ್ನೂ ಒಂದೇ ಪಟ್ಟಿಯಲ್ಲಿ ಸೇರಿಸಿ ನಗರಕ್ಕೂ ತಾಲ್ಲೂಕಿಗೂ ಸರಾಸರಿ ತೆಗೆದರೆ, ನಾವು ಅಳೆದದ್ದು ರೋಗವನ್ನೋ ದಾರಿಯನ್ನೋ ಹೇಳುವುದು ಕಷ್ಟ. ಯಂತ್ರದವರೆಗೆ ಬಾರದೆಯೇ ತೀರಿಕೊಂಡವರಂತೂ ಈ ಪಟ್ಟಿಯಲ್ಲಿ ಇಲ್ಲವೇ ಇಲ್ಲ.

2021ರ ಮೇ ತಿಂಗಳಲ್ಲಿ ದೆಹಲಿಯ ಏಮ್ಸ್ ಸಂಸ್ಥೆಯ ಅಂದಿನ ನಿರ್ದೇಶಕ ಡಾ. ರಣದೀಪ್ ಗುಲೇರಿಯಾ ಅವರು ಒಂದು ಸಿ.ಟಿ.ಯು 300–400 ಎಕ್ಸ್-ರೇಗಳಿಗೆ ಸಮವೆಂದರು. ವಿಕಿರಣತಜ್ಞರ ಸಂಘ ಅದನ್ನು ಖಂಡಿಸಿತು. ಈ ಜಗಳದ ಗದ್ದಲದಲ್ಲಿ, ಸೌಮ್ಯ ಲಕ್ಷಣದವರಿಗೆ ಸಿ.ಟಿ. ಬೇಡವೆಂದು ಅವರು ಹೇಳಿದ ಹೆಚ್ಚಿನ ಬೆಲೆಯ ಮಾತು ಮರೆಗೆ ಸರಿಯಿತೆಂದು ನಮಗೆ ತೋರುತ್ತದೆ.

ಇಷ್ಟಾದರೂ ಈ ಆಕರವನ್ನು ತಳ್ಳಿಹಾಕಲಾಗದು. 1918ರ ಇನ್‌ಫ್ಲುಯೆಂಜಾ ಬಂದಾಗ ಬಳ್ಳಾರಿ ಮದ್ರಾಸ್ ಪ್ರಾಂತಕ್ಕೆ ಸೇರಿತ್ತು. ಆ ಕಾಲದ ಮರಣದ ಲೆಕ್ಕಗಳಲ್ಲಿ ಬಗೆಬಗೆಯ ಸಾವುಗಳು ‘ಜ್ವರ’ ಎಂಬ ಒಂದೇ ಮಾತಿನೊಳಗೆ ಅಡಗಿವೆ. ಅದಕ್ಕೆ ಹೋಲಿಸಿದರೆ ಸಿ.ಟಿ. ವರದಿ ಎಷ್ಟೋ ಶ್ರೀಮಂತ. ಆದರೆ ಅದರ ಜೊತೆಗೆ ರೋಗಿಯ ಕೇಸ್ ಷೀಟು ಉಳಿಯಬೇಕು: ಜ್ವರ ಬಂದ ದಿನ, ಆಸ್ಪತ್ರೆ ಸೇರಿದ ದಿನ, ರಕ್ತದ ಆಮ್ಲಜನಕದ ಪ್ರಮಾಣ, ಬಂದ ಊರು. ಊರಿನ ಹೆಸರನ್ನಂತೂ ಬಿಡಲೇಬಾರದು. ವಿಜಯನಗರ ಜಿಲ್ಲೆ ಬೇರ್ಪಟ್ಟದ್ದು 2021ರಲ್ಲಿ, ಪಿಡುಗಿನ ನಡುವೆಯೇ ಆದುದರಿಂದ, ‘ಬಳ್ಳಾರಿ ಜಿಲ್ಲೆ’ ಎಂದಷ್ಟೇ ಬರೆದ ಕಾಗದ ಹೊಸಪೇಟೆಯ ರೋಗಿಯದೂ ಆಗಿರಬಹುದು.