ನೋಫಾಲೋ: ಒಂದೇ ಗುರುತು, ಮೂರು ಹೊರೆ

ಕೊಂಡಿಗಳ ಬಗೆಗಳನ್ನು ವಿವರಿಸುವ, ಹುಡುಕುತಾಣದಲ್ಲಿ ಪುಟವನ್ನು ಮೇಲೇರಿಸಲು ಕಲಿಸುವ ಎಸ್‌ಇಒ ಬರಹಗಳಲ್ಲಿ ನೋಫಾಲೋಗೆ ಅಚ್ಚುಕಟ್ಟಾದ ಉಪಾಯವೆಂಬ ಹೆಸರಿದೆ. ಆ ಹೆಸರಿಗೆ ಅದು ತಕ್ಕುದಲ್ಲ. ಕೊಂಡಿಯನ್ನು ಲೆಕ್ಕಕ್ಕೆ ಹಿಡಿಯಬೇಡಿ ಎಂದು ಹುಡುಕುತಾಣಗಳಿಗೆ ಹೇಳುವ ಗುರುತು ಇದು. ಕಾಮೆಂಟುಗಳಲ್ಲಿ ಸುರಿಯುತ್ತಿದ್ದ ಸ್ಪ್ಯಾಮ್ ತಡೆಯಲೆಂದು 2005ರ ಜನವರಿಯಲ್ಲಿ ಗೂಗಲ್, ಯಾಹೂ, ಎಂಎಸ್‌ಎನ್ ಇದನ್ನು ಒಪ್ಪಿಕೊಂಡವು. ಪೇಜ್‌ರ‍್ಯಾಂಕ್ ಎಂಬ, ಪುಟಗಳನ್ನು ತೂಗುವ ಗೂಗಲ್ ಲೆಕ್ಕ ಕೊಂಡಿಯನ್ನು ಮತವಾಗಿ ಎಣಿಸುತ್ತದೆ, ಈ ಗುರುತು ಆ ಮತವನ್ನು ಕಳೆಯುತ್ತದೆ. ಆದರೆ ಯಾರೋ ಬಂದು ಅಂಟಿಸಿದ ಕೊಂಡಿ, ಹಣ ಪಡೆದು ಹಾಕಿದ ಕೊಂಡಿ, ಸಂಪಾದಕ ತಾನೇ ಹಾಕಿಯೂ ಹೊಣೆ ಹೊರಲೊಲ್ಲದ ಕೊಂಡಿ, ಮೂರಕ್ಕೂ ಅದೇ ಗುರುತು ಬಿತ್ತು. ದೋಷ ಇರುವುದು ಇಲ್ಲೇ.

ಅದರ ಫಲ ಬೇಗ ಕಂಡಿತು. ಸೈಟುಗಳ ಒಡೆಯರು ಲಾಗಿನ್, ಸಂಪರ್ಕ ಮುಂತಾದ ತಮ್ಮದೇ ಪುಟಗಳ ಒಳಕೊಂಡಿಗಳಿಗೆ ನೋಫಾಲೋ ಹಾಕಿ, ಉಳಿದ ಪುಟಗಳ ತೂಕ ಹೆಚ್ಚಿಸಹೊರಟರು. ಪುಟಕ್ಕೆ ಹತ್ತು ಅಂಕ, ಅದರಲ್ಲಿ ಹತ್ತು ಕೊಂಡಿ ಎಂದಿಟ್ಟುಕೊಳ್ಳಿ. ಐದಕ್ಕೆ ನೋಫಾಲೋ ಹಾಕಿದರೆ ಮಿಕ್ಕ ಐದಕ್ಕೆ ತಲಾ ಎರಡು ಅಂಕ ಸೇರುತ್ತಿತ್ತು. ಇನ್ನು ತಲಾ ಒಂದೇ, ಉಳಿದದ್ದು ಯಾರಿಗೂ ಇಲ್ಲ ಎಂದು ಗೂಗಲ್‌ನ ಮ್ಯಾಟ್ ಕಟ್ಸ್ 2009ರಲ್ಲಿ ವಿವರಿಸಿದರು. ಆ ಹೊತ್ತಿಗೆ ಬದಲಾವಣೆ ಜಾರಿಯಾಗಿ ವರ್ಷ ಮೀರಿತ್ತು. ಆ ಅವಧಿಯಲ್ಲಿ ಪರಿಣತರು ಕೊಟ್ಟ ಸಲಹೆ ಹುಸಿಯಾಗಿತ್ತೆಂದಾಯಿತು. ಇಷ್ಟಾದರೂ ಹೊರಗಿನಿಂದ ಬರುವ ಕೊಂಡಿಗಳನ್ನು ನೋಫಾಲೋ ಉಳ್ಳದ್ದು, ಇಲ್ಲದ್ದು ಎಂದು ಎರಡು ರಾಶಿ ಮಾಡಿ, ಮೊದಲ ರಾಶಿ ನಿಷ್ಪ್ರಯೋಜಕವೆಂದು ಬರೆಯುವ ವಿಮರ್ಶಕರಿದ್ದಾರೆ. ಕೊಂಡಿ ಯಾವ ಪುಟದಲ್ಲಿದೆ, ಯಾವ ಮಾತಿನ ನಡುವೆ ಇದೆ, ಅದನ್ನು ಒತ್ತಿ ಓದುಗ ಬರುತ್ತಾನೆಯೇ ಎಂಬುದನ್ನು ಅವರು ಕೇಳುವುದೇ ಇಲ್ಲ.

ನೋಫಾಲೋ ಇಲ್ಲದಿದ್ದರೆ ಸ್ಪ್ಯಾಮ್ ಇನ್ನೂ ಹೆಚ್ಚುತ್ತಿತ್ತು ಎಂಬ ವಾದವನ್ನು ತಳ್ಳಿಹಾಕಲಾಗದು. ಆದರೆ ಸ್ಪ್ಯಾಮ್ ಕಳಿಸಲು ತಗಲುವ ಖರ್ಚು ಇಲ್ಲವೆನ್ನುವಷ್ಟು ಕಡಿಮೆ, ಒಂದಷ್ಟು ಜನ ಒತ್ತಿದರೂ ಲಾಭವೇ. ಹಾಗಾಗಿ ಅದು ನಿಲ್ಲಲಿಲ್ಲ, ದಂಡ ತೆತ್ತದ್ದು ಪ್ರಾಮಾಣಿಕ ಉಲ್ಲೇಖ. 2007ರ ಜನವರಿಯಲ್ಲಿ ಇಂಗ್ಲಿಷ್ ವಿಕಿಪೀಡಿಯ ಲೇಖನಗಳ ಎಲ್ಲ ಹೊರಕೊಂಡಿಗಳಿಗೂ ನೋಫಾಲೋ ಹಾಕಿತು. ಕನ್ನಡ ವಿಕಿಪೀಡಿಯದಲ್ಲೂ ಇದೇ ಕ್ರಮವಿದೆ. ಅಂತರ್ಜಾಲದಲ್ಲಿ ಬರಹ ಕಡಿಮೆಯಿರುವ ನುಡಿಗೆ ಇಂಥ ಉಲ್ಲೇಖ ಅಮೂಲ್ಯ. ಆದರೆ ವಿಕಿಪೀಡಿಯದಲ್ಲಿ ಸಂಪಾದಕರು ಓದಿ ತೂಗಿ ಹಾಕಿದ ಆಕರಕ್ಕೂ ಜಾಹೀರಾತಿನ ಕೊಂಡಿಗೂ ಒಂದೇ ಗುರುತು ಬೀಳುತ್ತದೆ. 2019ರ ಸೆಪ್ಟೆಂಬರ್‌ನಲ್ಲಿ ಗೂಗಲ್ ಹಣದ ಕೊಂಡಿಗೆ ‘ಸ್ಪಾನ್ಸರ್ಡ್’, ಬಳಕೆದಾರರು ಬರೆದದ್ದಕ್ಕೆ ‘ಯುಜಿಸಿ’ ಎಂಬ ಗುರುತುಗಳನ್ನು ಕೊಟ್ಟು, ನೋಫಾಲೋವನ್ನು ಆಜ್ಞೆಯಿಂದ ಸುಳಿವಿನ ಮಟ್ಟಕ್ಕೆ ಇಳಿಸಿತು. ಹದಿನಾಲ್ಕು ವರ್ಷ ತಡವಾದರೂ ಇದು ಸರಿಯಾದ ತಿದ್ದುಪಡಿ. ಹೊರೆ ಬೇರೆಬೇರೆಯಾದ ಮೇಲೆ, ಪರಿಶೀಲಿಸಿದ ಆಕರಗಳಿಂದಲಾದರೂ ವಿಕಿಪೀಡಿಯ ನೋಫಾಲೋ ಗುರುತನ್ನು ತೆಗೆಯಬೇಕು.