ಉಚಿತ ಶಿಕ್ಷಣವೂ ಊರಿನ ಹೊಣೆಯೂ

ಪ್ರಾಥಮಿಕ ಶಿಕ್ಷಣವನ್ನು ಉಚಿತಗೊಳಿಸುವುದೆಂದರೆ ಶುಲ್ಕವನ್ನು ಮನ್ನಾ ಮಾಡುವುದಷ್ಟೇ ಎಂಬ ಭಾವನೆ ಎಷ್ಟು ಅಪೂರ್ಣವಾದುದೆಂಬುದನ್ನು ರಾಮದುರ್ಗ ತಾಲೂಕಿನ ಸುರೇಬಾನದಂತಹ ನೇಕಾರರ ಊರಿನಲ್ಲಿ ನಿಂತು ಯೋಚಿಸಿದವರು ಸುಲಭವಾಗಿ ಅರಿಯಬಲ್ಲರು. ಮಗ್ಗವಿರುವ ಮನೆಯಲ್ಲಿ ಕಂಡಿಕೆ ಸುತ್ತುವ ಎಳೆಯ ಕೈಗೂ ಬೆಲೆಯುಂಟು. ಆ ಕೈಯನ್ನು ಸಾಲಿಗೆ ಒಪ್ಪಿಸುವ ತಾಯಿತಂದೆಗಳು, ಯಾವ ರಸೀದಿಯಲ್ಲಿಯೂ ಕಾಣದ ಒಂದು ಶುಲ್ಕವನ್ನು ದಿನದಿನವೂ ತೆರುತ್ತಲೇ ಇರುತ್ತಾರೆ. ಈ ತೆರಿಗೆಯನ್ನು ಕಿಂಚಿತ್ತಾದರೂ ಹಗುರಗೊಳಿಸಿದುದು 2002ರಲ್ಲಿ ನಮ್ಮ ರಾಜ್ಯದಲ್ಲಿ ಆರಂಭವಾದ ಬಿಸಿಯೂಟ; ನನ್ನ ದೃಷ್ಟಿಯಲ್ಲಿ ಶುಲ್ಕವಿನಾಯಿತಿಗಿಂತಲೂ ಹೆಚ್ಚು ಫಲಕಾರಿಯಾದುದು ಅದೇ.

2010ರ ಏಪ್ರಿಲ್ 1ರಂದು ಜಾರಿಗೆ ಬಂದ ಶಿಕ್ಷಣದ ಹಕ್ಕಿನ ಕಾಯಿದೆ 6ರಿಂದ 14 ವರ್ಷದ ಮಕ್ಕಳಿಗೆ ಕಲಿಕೆಯನ್ನು ಹಕ್ಕನ್ನಾಗಿಸಿತು. ಅದರ ಮಹತ್ತ್ವವನ್ನು ಅಲ್ಲಗಳೆಯುವ ಧೈರ್ಯ ಯಾರಿಗೂ ಬೇಡ. ಆದರೆ ಹಕ್ಕು ಬಂದೊಡನೆ ಹೊಣೆ ಎಲ್ಲಿಗೆ ಹೋಯಿತು? “ಸಾಲಿ ಸರಕಾರದ್ದು, ಸರಕಾರ ನೋಡ್ಕೋತೈತಿ” ಎಂಬ ಮಾತು ನಮ್ಮ ಸೀಮೆಯ ಕಟ್ಟೆಗಳಲ್ಲಿ ಇಂದು ಸಹಜವಾಗಿದೆ. ಇದು ನಮ್ಮದೊಂದೇ ಅನುಭವವಲ್ಲ. ಹರಾಂಬೆಯೆಂಬ ಸಾಮೂಹಿಕ ಶ್ರಮದಾನದಿಂದ ಊರೂರಿನಲ್ಲಿ ಶಾಲೆ ಕಟ್ಟಿಕೊಂಡಿದ್ದ ಕೀನ್ಯಾದ ಜನರು, 2003ರಲ್ಲಿ ಸರಕಾರ ಪ್ರಾಥಮಿಕ ಶಿಕ್ಷಣವನ್ನು ಉಚಿತವೆಂದು ಸಾರಿದಾಗ, ಮಕ್ಕಳನ್ನು ಹಿಂಡುಹಿಂಡಾಗಿ ಕಳುಹಿಸಿದರು. ಕೋಣೆಗಳು ಸಾಲದೆ ಹೋದವು, ಮಾಸ್ತರರು ಸಾಲದೆ ಹೋದರು. ಇನ್ನು ತಾವು ಕೊಡಬೇಕಾದುದೇನೂ ಇಲ್ಲವೆಂದು ಅನೇಕ ಪಾಲಕರು ಬಗೆದರು. 1997ರಲ್ಲಿಯೇ ಈ ಹಾದಿ ಹಿಡಿದ ಉಗಾಂಡವೂ ಇಂತಹ ಸಂದಣಿಯನ್ನು ಕಂಡಿತು.

ನಮ್ಮಲ್ಲಿ ಹೊಣೆಯ ಈ ಕೊರತೆಗೆ ಔಷಧವಾಗಬೇಕಾದುದು 2001ರಲ್ಲಿ ರಚಿತವಾದ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ. ಶಾಲಾ ಸಮಿತಿಯ ಸದಸ್ಯರಲ್ಲಿ ಮುಕ್ಕಾಲು ಪಾಲು ಪಾಲಕರೂ ಅರ್ಧದಷ್ಟು ಮಹಿಳೆಯರೂ ಇರಬೇಕೆಂದು ಶಿಕ್ಷಣದ ಹಕ್ಕಿನ ಕಾಯಿದೆಯೇ ವಿಧಿಸಿದೆ. ವಿಧಿ ಉತ್ತಮವೇ ಸರಿ. ಆದರೆ ನಡುಹಗಲಿನಲ್ಲಿ ಕರೆದ ಸಭೆಗೆ ಕೂಲಿ ಬಿಟ್ಟು ಬರುವ ತಾಯಿ ಯಾರು?

ಹೊಣೆ ಊರಿನದಷ್ಟೇ ಅಲ್ಲ, ಸರಕಾರದ್ದೂ ಹೌದು. 2019ರಲ್ಲಿ ನಮ್ಮ ಸರಕಾರ, ಸಮೀಪದಲ್ಲಿ ಸರಕಾರಿ ಅಥವಾ ಅನುದಾನಿತ ಶಾಲೆ ಇದ್ದೆಡೆ, ಅದೇ ಕಾಯಿದೆಯಡಿ ಖಾಸಗಿ ಶಾಲೆಗಳಲ್ಲಿ ದೊರೆಯುತ್ತಿದ್ದ ಶೇ. 25ರ ಉಚಿತ ಪ್ರವೇಶವನ್ನು ನಿಲ್ಲಿಸಿತು. ಆ ತೀರ್ಮಾನದ ದಿಕ್ಕು ಸರಿಯಾದುದು, ಕ್ರಮ ಮಾತ್ರ ತಪ್ಪು: ಕನ್ನಡ ಸಾಲಿಯನ್ನು ಮೊದಲು ಸುಧಾರಿಸಿ ಆಮೇಲೆ ಆ ಬಾಗಿಲನ್ನು ಮುಚ್ಚಬೇಕಾಗಿತ್ತು. ಆ ಸುಧಾರಣೆಗಾಗಿ ಇನ್ನಾದರೂ ಸಮಿತಿಯ ಸಭೆಗಳನ್ನು ಮಗ್ಗ ನಿಂತ ಮೇಲೆ, ಸಂಜೆ ಕರೆಯಲಿ. ಬಂದ ಅನುದಾನದ ಲೆಕ್ಕವನ್ನು ಊರವರ ಮುಂದೆ ಓದಿ ಹೇಳಲಿ.