ಹುಸೇನ್ ಸಾಗರದ ಬುದ್ಧ: ಸಂಕೇತವೂ ಗಾತ್ರವೂ

ಶಿಲ್ಪದಲ್ಲಿ ಬುದ್ಧನನ್ನು ನಾವು ಗುರುತಿಸುವುದು ಮುಖದ ಹೋಲಿಕೆಯಿಂದಲ್ಲ, ಲಕ್ಷಣಗಳಿಂದ. ನೆತ್ತಿಯ ಮೇಲಿನ ಉಷ್ಣೀಷ ಪರಮಜ್ಞಾನದ ಕುರುಹು. ಹುಬ್ಬುಗಳ ನಡುವಿನ ಊರ್ಣೆ ಮಹಾಪುರುಷನ ಗುರುತು. ಜೋಲುವ ಕಿವಿಗಳು ರಾಜಕುಮಾರ ಕಳಚಿಟ್ಟ ಭಾರದ ಕುಂಡಲಗಳನ್ನು ನೆನಪಿಸುತ್ತವೆ. ಬಲಗೈ ನೆಲ ಮುಟ್ಟಿದ್ದರೆ ಅದು ಬೋಧಿಯ ಗಳಿಗೆ. ಎರಡು ಕೈಗಳೂ ಎದೆಯ ಮುಂದೆ ಚಕ್ರದಂತೆ ಕೂಡಿದ್ದರೆ ಸಾರನಾಥದ ಮೊದಲ ಉಪದೇಶ. ಅಂಗೈ ನಮ್ಮತ್ತ ತಿರುಗಿದ್ದರೆ ಅಭಯ.

ನಮ್ಮೂರಿನ ಹುಸೇನ್ ಸಾಗರದ ನಡುವೆ ನಿಂತಿರುವುದು ಅಭಯದ ಬುದ್ಧ. ಅಮೆರಿಕದ ಸ್ವಾತಂತ್ರ್ಯದೇವಿಯ ಪ್ರತಿಮೆ ಕಂಡು ಬಂದ ಅಂದಿನ ಮುಖ್ಯಮಂತ್ರಿ ಎನ್. ಟಿ. ರಾಮರಾಯರ ಆಸೆಯಂತೆ, ಎಸ್. ಎಂ. ಗಣಪತಿ ಸ್ಥಪತಿಗಳು ಸುಮಾರು 58 ಅಡಿಯ ಈ ಏಕಶಿಲಾ ಮೂರ್ತಿಯನ್ನು ಕಡೆದರು. 1990ರ ಮಾರ್ಚಿನಲ್ಲಿ ಸಾಗಿಸುವಾಗ ಅದು ನೀರಿಗೆ ಜಾರಿತು. ಹಲವರು ಪ್ರಾಣ ಕಳೆದುಕೊಂಡರು. ಮೂರ್ತಿಯನ್ನು ಮೇಲೆತ್ತಿ ನಿಲ್ಲಿಸಿದ್ದು 1992ರಲ್ಲಿ.

ಸ್ಥಪತಿಗಳ ಕೈಚಳಕದ ಬಗ್ಗೆ ನಮಗೆ ಆಕ್ಷೇಪವಿಲ್ಲ. ಪ್ರಶ್ನೆ ಇರುವುದು ಗಾತ್ರ ಮತ್ತು ದೂರದ ಬಗ್ಗೆ. ಟ್ಯಾಂಕ್ ಬಂಡಿನಿಂದ ನೋಡಿದರೆ ಗುಂಗುರು ಕೂದಲು, ಅರೆಮುಚ್ಚಿದ ಕಣ್ಣು ಮಸುಕಾಗುತ್ತವೆ. ದೋಣಿಯಲ್ಲಿ ಪಾದದ ಬಳಿಗೆ ಹೋದರೆ ಮುಖ ದೂರವಾಗುತ್ತದೆ. ಎಲ್ಲಿಂದ ನೋಡಿದರೂ ಉಳಿಯುವುದು ಎತ್ತಿದ ಆ ಕೈ ಒಂದೇ. ತ್ಯಾಗವನ್ನು ಹೇಳಬೇಕಾದ ಮೂರ್ತಿ ಮೊದಲು ತನ್ನ ಭಾರವನ್ನೇ ಹೇಳುತ್ತದೆ. ಆ ಭಾರಕ್ಕೆ ಜೀವಗಳು ಬಲಿಯಾದವೆಂಬುದನ್ನು ನೆನೆದಾಗ, 'ಅಂಜಬೇಡ' ಎನ್ನುವ ಕೈಯ ಅರ್ಥವೇ ಕಲಕುತ್ತದೆ. ಅಲ್ಲಿ ಸತ್ತವರ ನೆನಪೂ ಆ ಮುದ್ರೆಯ ಭಾಗವಾಗಬೇಕೆಂದು ನಮ್ಮ ಅಭಿಪ್ರಾಯ.

ಇದಕ್ಕೆ ಪ್ರತಿಯಾಗಿ ನಮ್ಮ ಕಲಬುರ್ಗಿ ಜಿಲ್ಲೆಯ ಸನ್ನತಿಯನ್ನು ನೆನೆಯಬಹುದು. ಭೀಮಾ ತೀರದ ಕನಗನಹಳ್ಳಿಯಲ್ಲಿ 1990ರ ದಶಕದ ಉತ್ಖನನದಿಂದ ಸ್ತೂಪವೊಂದು ಬೆಳಕಿಗೆ ಬಂದಿತು. 'ರಾಯೋ ಅಸೋಕೋ' ಎಂಬ ಬರಹವುಳ್ಳ ಫಲಕದಿಂದ ಅದು ಹೆಸರಾಯಿತು. ಅಲ್ಲಿನ ಹಳೆಯ ಸುಣ್ಣಕಲ್ಲಿನ ಫಲಕಗಳಲ್ಲಿ ಬುದ್ಧನ ದೇಹವೇ ಇಲ್ಲ. ಬೋಧಿವೃಕ್ಷ, ಬರಿದಾದ ಆಸನ, ಧರ್ಮಚಕ್ರ, ಪಾದಗಳು: ಇಷ್ಟೇ. ಕೈಮುಗಿದವರೆಲ್ಲ ಆ ಬರಿದಾದ ಪೀಠದತ್ತ ತಿರುಗಿದ್ದಾರೆ; ನೋಡುವವನ ಮನಸ್ಸೇ ಉಳಿದುದನ್ನು ತುಂಬಿಕೊಳ್ಳಬೇಕು. ಮಾನುಷ ರೂಪದ ಬುದ್ಧಮೂರ್ತಿಗಳು ಅಲ್ಲಿ ಕಾಣಿಸುವುದು ಆಮೇಲೆ.

ಹಾಗೆಂದು ಹುಸೇನ್ ಸಾಗರದ ಮೂರ್ತಿ ವ್ಯರ್ಥವೆನ್ನಲಾರೆವು. ಉಷ್ಣೀಷದ ಹೆಸರು ಕೇಳದವರಿಗೂ ಆ ಅಂಗೈಯ ಮಾತು ತಿಳಿಯುತ್ತದೆ. ಸಂಕೇತದ ಗೆಲುವು ಅದೇ. ಆದರೆ ಸಂಕೇತಕ್ಕೆ ಬೇಕಾದದ್ದು ಎತ್ತರವಲ್ಲ, ಬಿಡುವಾಗಿ ನೋಡುವ ಕಣ್ಣು. ಊರಿಗೆ ಹೋಗುವ ನಮ್ಮ ಬಂಧುಗಳು ಒಮ್ಮೆ ಸನ್ನತಿಯ ದಾರಿ ಹಿಡಿದರೆ ಈ ಮಾತು ತಾನಾಗಿ ಮನವರಿಕೆಯಾದೀತು.